ಬಚ್ಚಲುಮನೆಯಲ್ಲೊಂದು ಹಬೆಕೋಣೆ

ಹೊಸ ಮನೆಯ ನಕ್ಷೆ ಬರೆಸುವ ಗೃಹಸ್ಥರು ಪಡಸಾಲೆಯನ್ನು ಕುರಿತು ನಾಲ್ಕು ಸಲ ಯೋಚಿಸುತ್ತಾರೆ; ಪೂಜೆಯ ಕೋಣೆ ಯಾವ ದಿಕ್ಕಿಗೆ ಬರಬೇಕೆಂದು ಹತ್ತು ಜನರನ್ನು ಕೇಳುತ್ತಾರೆ; ಅಡುಗೆಮನೆಯ ಕಟ್ಟೆಯ ಎತ್ತರವನ್ನು ಮನೆಯೊಡತಿಯನ್ನು ನಿಲ್ಲಿಸಿಯೇ ಅಳೆಯುತ್ತಾರೆ. ಬಚ್ಚಲುಮನೆಯ ಸರದಿ ಬರುವುದು ಎಲ್ಲಕ್ಕೂ ಕೊನೆಯಲ್ಲಿ. ಉಳಿದ ಮೂಲೆ ಅದರದು, ಉಳಿದ ಹಣವೂ ಅದರದೇ. ಆದರೆ ಎಳೆಯ ಕೂಸಿನಿಂದ ಹಿಡಿದು ಹಣ್ಣಾದ ಹಿರಿಯರವರೆಗೆ ಮನೆಯವರೆಲ್ಲರೂ ದಿನವೂ ತಪ್ಪದೆ ಪ್ರವೇಶಿಸುವ ಸ್ಥಳ ಅದು. ಒದ್ದೆ ನೆಲ, ಕುದಿವ ನೀರು, ವಿದ್ಯುತ್ತು, ಮುಚ್ಚಿದ ಬಾಗಿಲು ಈ ನಾಲ್ಕೂ ಒಂದೆಡೆ ಕೂಡುವ ಸ್ಥಳವೂ ಮನೆಯಲ್ಲಿ ಅದೊಂದೇ.

ದಾವಣಗೆರೆಯ ಕಡೆಯ ಓದುಗ ಬಂಧುಗಳೊಬ್ಬರು ನಮಗೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅವರು ಮನೆ ಕಟ್ಟಿಸುತ್ತಿದ್ದಾರೆ. ಗೋಡೆಗಳು ಕಿಟಕಿಯ ಮಟ್ಟಕ್ಕೆ ಬಂದಿವೆ. ಬೆಂಗಳೂರಿನಲ್ಲಿರುವ ಮಗ ಮತ್ತು ಸೊಸೆ ಬಚ್ಚಲುಮನೆಯಲ್ಲಿ ಹಬೆಸ್ನಾನದ ಏರ್ಪಾಡು ಮಾಡಿಸೋಣವೆಂದು ಹೇಳುತ್ತಿದ್ದಾರೆ. ಮನೆಯಲ್ಲಿ 74 ವರ್ಷದ ತಂದೆಯವರಿದ್ದಾರೆ. ಅವರಿಗೆ ಮೊಣಕಾಲು ನೋವು, ಜೊತೆಗೆ ರಕ್ತದೊತ್ತಡಕ್ಕೆ ನಿತ್ಯವೂ ಗುಳಿಗೆ. ಪತ್ರದಲ್ಲಿ ಅವರು ಕೇಳಿರುವ ಪ್ರಶ್ನೆಗಳು ಮೂರು. ನಮ್ಮಂಥ ಕುಟುಂಬಕ್ಕೆ ಇದು ತಕ್ಕದ್ದೇ? ಹಿರಿಯರಿಗೆ ಇದರಿಂದ ಹಿತವಾದೀತೇ? ಮಾಡಿಸುವುದಾದರೆ ಹೇಗೆ ಮಾಡಿಸಬೇಕು? ಇಷ್ಟನ್ನು ಕೇಳಿ, ಪತ್ರದ ಕೊನೆಯಲ್ಲಿ ಒಂದು ಮಾತನ್ನು ಸಹಜವಾಗಿ ಸೇರಿಸಿದ್ದಾರೆ: ಹಬೆ ಹೊರಗೆ ಹೋಗದಿರಲೆಂದು ಬಚ್ಚಲ ಕಿಟಕಿಯನ್ನು ಮುಚ್ಚಿಸುವ ಯೋಚನೆಯಿದೆ, ಬಿಸಿನೀರಿಗೆ ಅದೇ ಗೋಡೆಯಲ್ಲಿ ಗ್ಯಾಸ್ ಗೀಸರನ್ನು ಕೂಡಿಸುವವರಿದ್ದೇವೆ. ಪತ್ರಕ್ಕೆ ಪತ್ರದಲ್ಲಿಯೇ ಒಡನೆ ಉತ್ತರ ಬರೆದೆವು. ಆದರೂ ಈ ಕೊನೆಯ ಮಾತು ಇನ್ನೆಷ್ಟೋ ಮನೆಗಳಿಗೆ ಸಂಬಂಧಿಸಿದ್ದೆಂದು ತೋರಿದುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇವೆ.

ಕೊನೆಯದನ್ನೇ ಮೊದಲು ಹೇಳುವುದು ಉಚಿತ. ಉರಿಯುವ ಯಾವ ಒಲೆಗೂ ಗಾಳಿ ಬೇಕು. ಗ್ಯಾಸ್ ಗೀಸರಿನೊಳಗೂ ಒಂದು ಒಲೆಯೇ ಉರಿಯುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಉರಿದಂತೆಲ್ಲ ಅಲ್ಲಿಯ ಆಮ್ಲಜನಕ ಕುಗ್ಗುತ್ತದೆ. ಆಗ ಇಂಧನ ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ವಾಸನೆಯನ್ನು ಬೆರೆಸಿರುತ್ತಾರೆ. ಈ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಸುವ ಗುಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುವವರಿಗೆ ಮೊದಲು ತಲೆ ಭಾರವಾದಂತೆ, ಅನಂತರ ಕೈಕಾಲು ಸೋತಂತೆ ತೋರುತ್ತದೆ; ಬಿಸಿನೀರಿನ ಆಯಾಸವೆಂದು ಸುಮ್ಮನಾಗುತ್ತಾರೆ; ಎದ್ದು ಅಗಳಿ ತೆಗೆಯಬೇಕೆಂಬ ಹೊತ್ತಿಗೆ ಕೈಗೆ ಆ ಬಲವೇ ಉಳಿದಿರುವುದಿಲ್ಲ. ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಕಾಣುವ ಬಚ್ಚಲುಮನೆಯ ಸಾವುಗಳಲ್ಲಿ ಹಲವಕ್ಕೆ ಇದೇ ಕಾರಣ.

ಆದುದರಿಂದ ಹಬೆಕೋಣೆ ಇರಲಿ ಇಲ್ಲದಿರಲಿ, ಗ್ಯಾಸ್ ಗೀಸರು ಬಚ್ಚಲುಮನೆಯೊಳಗೆ ಬರತಕ್ಕದ್ದಲ್ಲ. ಅದನ್ನು ಮನೆಯ ಹೊರಗೋಡೆಗೆ, ಗಾಳಿ ಧಾರಾಳವಾಗಿ ಆಡುವ ತೆರೆದ ಜಾಗದಲ್ಲಿ ಕೂಡಿಸಿ, ಬಿಸಿನೀರನ್ನು ಮಾತ್ರ ಕೊಳವೆಯ ಮೂಲಕ ಒಳಗೆ ತರಬೇಕು. ಈಗಾಗಲೇ ಒಳಗೆ ಕೂಡಿಸಿರುವವರು ಹೊರಗೆ ಸಾಗಿಸುವವರೆಗೆ ಅದನ್ನು ಹಚ್ಚಬಾರದು. ಬಚ್ಚಲಲ್ಲಿ ಯಾರಾದರೂ ಕೂಗಿಗೆ ಓಗೊಡದಿದ್ದರೆ ಬಾಗಿಲನ್ನು ಒಡೆದಾದರೂ ತೆರೆದು, ಅನಿಲವನ್ನು ಆರಿಸಿ, ಅವರನ್ನು ಬಯಲ ಗಾಳಿಗೆ ಒಯ್ದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಅವರಿಗೆ ಬೇಕಾದ ಔಷಧ ಆಮ್ಲಜನಕ. ಅದು ಮನೆಯಲ್ಲಿ ಸಿಕ್ಕುವುದಲ್ಲ.

ಇನ್ನು ಹಬೆಸ್ನಾನದ ವಿಚಾರ. ಇದು ಪರದೇಶದಿಂದ ನಿನ್ನೆ ಮೊನ್ನೆ ಬಂದ ಶೋಕಿಯೆಂದು ಹಲವರು ತಿಳಿದಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 14ನೆಯ ಅಧ್ಯಾಯ ಸಮಗ್ರವಾಗಿ ಬೆವರಿಸುವ ಚಿಕಿತ್ಸೆಗೇ ಮೀಸಲಾಗಿದೆ. ಅಗ್ನಿಯ ಸಹಾಯದಿಂದ ಬೆವರಿಸುವ 13 ವಿಧಾನಗಳನ್ನು ಅಲ್ಲಿ ಹೆಸರಿಸಿ ವಿವರಿಸಲಾಗಿದೆ. ನಾಡೀಸ್ವೇದವೆಂಬುದು ಮಡಕೆಯಲ್ಲಿ ಔಷಧಿಗಳನ್ನು ಕುದಿಸಿ, ಅದರ ಹಬೆಯನ್ನು ನಾಳದ ಮೂಲಕ ಮೈಗೆ ಹಾಯಿಸುವ ಕ್ರಮ. ಆ ನಾಳವನ್ನು ನೇರವಾಗಿ ಮಾಡಬಾರದು, ಬಾಗಿಸಬೇಕು. ಆಗ ಹಬೆಯ ಉಗ್ರವಾದ ವೇಗ ಮುರಿದು ಚರ್ಮ ಸುಡುವುದಿಲ್ಲವೆಂದು ಗ್ರಂಥಕಾರನು ಕಾರಣವನ್ನೂ ಕೊಡುತ್ತಾನೆ. ಜೇಂತಾಕವೆಂಬುದು ಕೋಣೆಯೊಳಗೆ ಕೂಡಿಸಿ ಬೆವರಿಸುವ ಕ್ರಮ. ಅದಕ್ಕಾಗಿ ಮಣ್ಣಿನ ದುಂಡನೆಯ ಮನೆಯನ್ನು ಕಟ್ಟಬೇಕು. ಅದಕ್ಕೆ ಅನೇಕ ಗವಾಕ್ಷಿಗಳಿರಬೇಕು. ಗೋಡೆಗುಂಟ ಬಾಗಿಲವರೆಗೂ ಜಗಲಿಯಿರಬೇಕು. ಕಟ್ಟಿಗೆ ಚೆನ್ನಾಗಿ ಉರಿದು ಹೊಗೆಯೆಲ್ಲ ಹೋದ ಮೇಲೆಯೇ ರೋಗಿಯನ್ನು ಒಳಗೆ ಬಿಡಬೇಕು. ಒಳಹೋದವನು ಎಷ್ಟೇ ಬವಳಿ ಬಂದರೂ ಜಗಲಿಯನ್ನು ಬಿಟ್ಟಿಳಿಯಬಾರದು, ಅದನ್ನು ಹಿಡಿದುಕೊಂಡೇ ಬಾಗಿಲನ್ನು ಸೇರಬೇಕು. ನಡುವೆ ಬಿದ್ದರೆ ಪ್ರಾಣಕ್ಕೆ ಎರವು ಎಂಬ ಎಚ್ಚರಿಕೆಯೂ ಅಲ್ಲಿದೆ. ಹೊರಬಂದೊಡನೆ ತಣ್ಣೀರು ಮುಟ್ಟಬಾರದು. ಸ್ವಲ್ಪ ಹೊತ್ತು ಕುಳಿತು ತಾಪ ಇಳಿದ ಮೇಲೆ ಉಗುರುಬೆಚ್ಚಗಿನ ನೀರಿನಿಂದ ಸ್ನಾನಮಾಡಬೇಕು.

ಬೌದ್ಧರ ವಿನಯಪಿಟಕದಲ್ಲಿಯೂ ಇಂಥ ಮನೆಯ ಪ್ರಸ್ತಾಪ ಬರುತ್ತದೆ. ಜೀವಕನೆಂಬ ವೈದ್ಯನ ಬಿನ್ನಹದ ಮೇರೆಗೆ ಭಿಕ್ಷುಗಳಿಗೆ ಜಂತಾಘರವೆಂಬ ಬಿಸಿಮನೆಯನ್ನು ಅನುಮತಿಸಿದ ಸಂದರ್ಭ ಅದು. ಹೊಗೆ ಹೋಗಲು ಕೊಳವೆ, ನೀರು ಹರಿಯಲು ಕಾಲುವೆ ಇವನ್ನೂ ಅಲ್ಲಿ ಮರೆಯದೆ ವಿಧಿಸಲಾಗಿದೆ. ಬೀದರ ಕೋಟೆಯನ್ನು ಕಂಡವರು ಅಲ್ಲಿಯ ಶಾಹಿ ಹಮಾಮನ್ನು, ಎಂದರೆ ಅರಸರ ಸ್ನಾನಗೃಹವನ್ನು, ನೋಡಿರಬಹುದು. ಅಷ್ಟು ದೂರ ಹೋಗುವುದೇಕೆ? ನಮ್ಮ ಹಳೆಯ ಮನೆಗಳ ಬಚ್ಚಲುಗಳನ್ನೇ ನೆನೆಯೋಣ. ಗಾರೆಯಲ್ಲಿ ಹುದುಗಿಸಿದ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಹಲವು ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಆಚೆಗೆ, ಮೇಲೆ ಹೆಂಚಿನ ಸಂದು ಮತ್ತು ಬೆಳಕಿಂಡಿ. ದೀಪಾವಳಿಯ ಎಣ್ಣೆಸ್ನಾನದ ದಿನ ಆ ಕೋಣೆಯಲ್ಲಿ ಎದುರಿನವರ ಮುಖ ಕಾಣದಷ್ಟು ಹಬೆ ತುಂಬಿರುತ್ತಿತ್ತು. ಆದರೂ ಉಸಿರು ಕಟ್ಟುತ್ತಿರಲಿಲ್ಲ. ಹಬೆಯನ್ನು ಹಿಡಿದಿಡುವ ಗೋಡೆಯೂ ಹೊಗೆಯನ್ನು ಬಿಟ್ಟುಕೊಡುವ ಕಿಂಡಿಯೂ ಅಲ್ಲಿ ಒಟ್ಟಿಗೇ ಇದ್ದವು. ಇಂದಿನ ಬಚ್ಚಲು ಹೆಂಚನ್ನು ಕಳೆದುಕೊಂಡು ಕಾಂಕ್ರೀಟಿನ ಚಾವಣಿಯನ್ನು ಪಡೆಯಿತು. ಒಲೆ ಹೋಗಿ ಗೀಸರು ಬಂತು. ಕಿಂಡಿಯ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಮಾತ್ರ ನಕ್ಷೆ ಬರೆಯುವವರು ಎಷ್ಟೋ ಸಲ ಮರೆಯುತ್ತಾರೆ.

ಎರಡನೆಯ ಪ್ರಶ್ನೆ ಹಿರಿಯರಿಗೆ ಹಿತವೇ ಎಂಬುದು. ಇದಕ್ಕೆ ಉತ್ತರಿಸುವ ಮುನ್ನ ಹಬೆಯ ಸ್ವಭಾವವನ್ನು ತಿಳಿಯಬೇಕು. ಮನೆಯ ಹಬೆಕೋಣೆಯ ಉಷ್ಣತೆ ಸಾಮಾನ್ಯವಾಗಿ 40ರಿಂದ 46 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಗಳ ವೈಶಾಖದ ಬಿಸಿಲನ್ನು ಉಂಡವರಿಗೆ ಇದೇನು ದೊಡ್ಡದೆಂದು ತೋರಬಹುದು. ಆದರೆ ಅಲ್ಲಿಯ ಬಿಸಿಲು ಒಣ ಬಿಸಿಲು. ಮೈಮೇಲೆ ಬಂದ ಬೆವರು ಆರುತ್ತದೆ, ಆರುವಾಗ ಮೈಯನ್ನು ತಂಪುಮಾಡುತ್ತದೆ. ಹಬೆಕೋಣೆಯ ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿರುವುದರಿಂದ ಬೆವರು ಆರುವುದಕ್ಕೆ ಎಡೆಯೇ ಇಲ್ಲ. ಮೈ ತನ್ನನ್ನು ತಾನು ತಂಪುಮಾಡಿಕೊಳ್ಳುವ ಮುಖ್ಯ ದಾರಿ ಮುಚ್ಚಿಹೋಗುತ್ತದೆ. ಆಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಬಿಗಿದ ಕೀಲು ಮತ್ತು ಸ್ನಾಯುಗಳು ಸಡಿಲವಾಗಿ ಹಾಯೆನಿಸುವುದೂ ಈ ಕಾವಿನಿಂದಲೇ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದೂ ಈ ಕಾವಿನಿಂದಲೇ. ರಕ್ತದೊತ್ತಡದ ಗುಳಿಗೆಗಳಲ್ಲಿ ಅನೇಕವು ಇದೇ ನಾಳಗಳನ್ನು ಹಿಗ್ಗಿಸತಕ್ಕವು. ಗುಳಿಗೆಯ ಕೆಲಸ ಮತ್ತು ಹಬೆಯ ಕೆಲಸ ಒಂದರ ಮೇಲೊಂದು ಕೂಡಿದರೆ ಹಿರಿಯರು ಕುಸಿದು ಬೀಳುವ ಅಪಾಯವುಂಟು. ಈ ವಯಸ್ಸಿನಲ್ಲಿ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದರೆ ಮೊಣಕಾಲ ನೋವು ಅದರ ಮುಂದೆ ಏನೂ ಅಲ್ಲ.

ಚರಕನು ಬೆವರಿಸಬಾರದವರ ಪಟ್ಟಿಯನ್ನೇ ಕೊಟ್ಟಿದ್ದಾನೆ. ಗರ್ಭಿಣಿಯರು, ರಕ್ತಸ್ರಾವದ ವ್ಯಾಧಿಯುಳ್ಳವರು, ಭೇದಿಯಾಗುತ್ತಿರುವವರು, ಮಧುಮೇಹಿಗಳು, ನಿತ್ಯ ಮದ್ಯಪಾನಿಗಳು ಆ ಪಟ್ಟಿಯಲ್ಲಿದ್ದಾರೆ. ಹೃದಯ ಮತ್ತು ಕಣ್ಣುಗಳ ಭಾಗಕ್ಕೆ ಕಾವು ಬಹು ಮೃದುವಾಗಿರಬೇಕು, ಇಲ್ಲವೇ ಕೊಡಲೇಬಾರದೆಂದು ಹೇಳಿದ್ದಾನೆ. ಇಂದಿನ ವೈದ್ಯರ ಮಾತೂ ಇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ: ಹೃದ್ರೋಗವುಳ್ಳವರು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ಗರ್ಭಿಣಿಯರು, ಮೂರ್ಛೆರೋಗಿಗಳು, ಜ್ವರ ಬಂದವರು ಹಬೆಕೋಣೆಯಿಂದ ದೂರವಿರಬೇಕು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲವಾದ್ದರಿಂದ ಅವರೂ ದೂರವಿರುವುದೇ ಲೇಸು. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗನೆ ಕಾಯುವುದರಿಂದ ಅವರಿಗೂ ಇದು ಸಲ್ಲದು. ಉಬ್ಬಸವುಳ್ಳವರಲ್ಲಿ ಕೆಲವರಿಗೆ ಹಬೆ ಹಿತ, ಕೆಲವರಿಗೆ ಅಹಿತ. ತಮ್ಮ ವೈದ್ಯರನ್ನು ಕೇಳದೆ ಅವರು ಪ್ರಯೋಗಕ್ಕೆ ಇಳಿಯಬಾರದು.

ಪತ್ರ ಬರೆದವರ ತಂದೆಯವರ ವಿಷಯದಲ್ಲಿಯೂ ನಮ್ಮ ಅಭಿಪ್ರಾಯ ಅದೇ. ಅವರ ವೈದ್ಯರು ಪರೀಕ್ಷಿಸಿ ಒಪ್ಪಿದರೆ ಕಡಿಮೆ ಕಾವಿನಲ್ಲಿ 5 ನಿಮಿಷದಿಂದ ಆರಂಭಿಸಬಹುದು. ಮನೆಯವರೊಬ್ಬರು ಬಾಗಿಲ ಹೊರಗೆ ಇರಲೇಬೇಕು. ಒಪ್ಪದಿದ್ದರೆ ನೋಯುವ ಮೊಣಕಾಲಿಗಷ್ಟೇ ಬಿಸಿನೀರಿನ ಚೀಲದ ಶಾಖ ಕೊಡುವುದರಿಂದಲೂ ಬಿಗಿತ ಸಡಿಲುತ್ತದೆ. ಒಂದು ಮೊಣಕಾಲಿಗೆ ಬೇಕಾದ ಕಾವನ್ನು ಇಡೀ ದೇಹಕ್ಕೆ ಕೊಡುವ ಅಗತ್ಯವೇನಿದೆ? ಕಾವಿನಿಂದ ನೋವು ಕೆಲಹೊತ್ತು ಶಮನವಾಗುತ್ತದೆಯೇ ಹೊರತು ಸವೆದ ಕೀಲು ಮರಳಿ ಬೆಳೆಯುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಹಾಗೆಯೇ ಬೆವರಿನೊಡನೆ ದೇಹದ ವಿಷವೆಲ್ಲ ಹರಿದುಹೋಗುತ್ತದೆ, ಬೊಜ್ಜು ಕರಗುತ್ತದೆ ಎಂದು ಮಾರುವವರು ಹೇಳುವ ಮಾತನ್ನು ನೆಚ್ಚಬೇಕಾದುದಿಲ್ಲ. ಬೆವರಿನಲ್ಲಿ ಹೋಗುವುದು ಬಹುಪಾಲು ನೀರು ಮತ್ತು ಉಪ್ಪು. ದೇಹದ ಕಲ್ಮಷವನ್ನು ಹೊರಹಾಕುವ ಕೆಲಸ ಯಕೃತ್ತಿನದು, ಮೂತ್ರಪಿಂಡಗಳದು. ತಕ್ಕಡಿಯಲ್ಲಿ ಇಳಿದ ತೂಕ ಎರಡು ಲೋಟ ನೀರು ಕುಡಿದೊಡನೆ ಮರಳಿ ಬರುತ್ತದೆ. ಆರೋಗ್ಯವಂತರಿಗೆ ಹೇಳುವುದಾದರೂ 10ರಿಂದ 15 ನಿಮಿಷ ಸಾಕು. ಊಟವಾದೊಡನೆ ಬೇಡ, ಮುನ್ನ ಮತ್ತು ಅನಂತರ ನೀರು ಕುಡಿಯುವುದನ್ನು ಮರೆಯಬಾರದು.

ಈಗ ಕಟ್ಟುವ ಕ್ರಮ. ಇಡೀ ಬಚ್ಚಲುಮನೆಯನ್ನೇ ಹಬೆಯಿಂದ ತುಂಬಿಸುವ ಹವಣಿಕೆಯನ್ನು ಮೊದಲು ಬಿಡಬೇಕು. ಎಂಟು ಅಡಿ ಉದ್ದ, ಆರು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯ ಗಾತ್ರ 480 ಘನ ಅಡಿ. ಅದರ ಮೂಲೆಯಲ್ಲಿ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಏಳು ಅಡಿ ಎತ್ತರದ ಗೂಡನ್ನು ಪ್ರತ್ಯೇಕಿಸಿದರೆ 112 ಘನ ಅಡಿ, ಎಂದರೆ ಮೂರು ಘನ ಮೀಟರಿಗೆ ತುಸು ಹೆಚ್ಚು. ಒಂದು ಘನ ಮೀಟರಿಗೆ ಸುಮಾರು 1 ಕಿಲೋವ್ಯಾಟ್ ಎಂಬುದು ಹಬೆಯಂತ್ರವನ್ನು ಆರಿಸುವ ಸ್ಥೂಲವಾದ ಲೆಕ್ಕ. ಗೋಡೆಗೆ ಗ್ರಾನೈಟ್ ಹಾಸಿದ್ದರೆ, ಗಾಜು ಹೆಚ್ಚಿದ್ದರೆ, ಗೋಡೆ ಬಯಲಿಗೆ ತೆರೆದಿದ್ದರೆ ಕಲ್ಲೂ ಗಾಜೂ ಕಾವನ್ನು ನುಂಗುವುದರಿಂದ ಇನ್ನೂ ಹೆಚ್ಚು ಬೇಕು. ಹೀಗಾಗಿ ಚಿಕ್ಕ ಗೂಡಿಗೆ 4.5 ಕಿಲೋವ್ಯಾಟ್ ಯಂತ್ರ ಸಾಕಾದರೆ ಇಡೀ ಕೋಣೆಗೆ ಅದರ ನಾಲ್ಕು ಪಟ್ಟು ಬೇಕಾಗುತ್ತದೆ. ಗೂಡನ್ನು ಪ್ರತ್ಯೇಕಿಸಿದರೆ ಬಚ್ಚಲ ಕಿಟಕಿಯನ್ನು ಮುಚ್ಚುವ ಪ್ರಸಂಗವೂ ಬರುವುದಿಲ್ಲ. ಕಿಟಕಿ ತನ್ನ ಸ್ಥಳದಲ್ಲಿಯೇ ಇರಲಿ. ಅದರ ಪಕ್ಕದಲ್ಲಿ ಗಾಳಿಯನ್ನು ಹೊರದೂಡುವ ಫ್ಯಾನೂ ಇರಲಿ. ಸ್ನಾನವಾದ ಮೇಲೆ ಗೂಡಿನ ಬಾಗಿಲನ್ನು ತೆರೆದಿಟ್ಟು ಫ್ಯಾನನ್ನು ಓಡಿಸಿದರೆ ಒಳಗೆ ಬೂಷ್ಟು ಹಿಡಿಯುವುದಿಲ್ಲ.

ಗೂಡಿನ ಚಾವಣಿ ಸಮತಟ್ಟಾಗಿರಬಾರದು. ಹಬೆ ಮೇಲೇರಿ ತಣಿದು ಹನಿಯಾಗುತ್ತದೆ. ಚಾವಣಿ ಸಮವಾಗಿದ್ದರೆ ಹನಿಗಳು ಕುಳಿತವರ ನೆತ್ತಿಯ ಮೇಲೆ ಬೀಳುತ್ತವೆ. ಅಡಿಗೆ ಒಂದರಿಂದ ಎರಡು ಅಂಗುಲದಂತೆ ವಾಟ ಕೊಟ್ಟರೆ ನೀರು ಜಾರಿ ಗೋಡೆಗುಂಟ ಇಳಿಯುತ್ತದೆ. ಮನೆಯ ಮೂಲ ಚಾವಣಿಯನ್ನೇ ಗೂಡಿನ ಚಾವಣಿಯನ್ನಾಗಿ ಬಳಸುವುದು ಸರಿಯಲ್ಲ. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಹಬೆ ಒಳನುಗ್ಗಿದರೆ ಕಾಲಕ್ರಮದಲ್ಲಿ ಅದರೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಏಳು ಅಡಿ ಎತ್ತರದಲ್ಲಿ ಸಿಮೆಂಟ್ ಹಲಗೆಯ ಬೇರೆಯ ಮುಚ್ಚಿಗೆಯನ್ನು ಮಾಡಿಸಬೇಕು. ಜಿಪ್ಸಂ ಹಲಗೆ ಹಬೆಗೆ ನಿಲ್ಲುವುದಿಲ್ಲ. ಹೆಂಚುಬಿಲ್ಲೆ ಹಾಸುವ ಮುನ್ನ ನೆಲ, ನಾಲ್ಕೂ ಗೋಡೆ, ಮುಚ್ಚಿಗೆ ಎಲ್ಲಕ್ಕೂ ಎಡೆಬಿಡದೆ ಜಲನಿರೋಧಕ ಲೇಪನವಾಗಬೇಕು. ಟೈಲ್ಸ್ ಹಾಕಿದ ಮೇಲೆ ನೀರು ಒಳಗೆ ಹೋಗುವುದಿಲ್ಲವೆಂದು ಮೇಸ್ತ್ರಿಗಳು ಹೇಳಬಹುದು. ಟೈಲ್ಸ್ ನೀರನ್ನು ತಡೆದರೂ ಅವುಗಳ ನಡುವಿನ ಸಂದು ಹಬೆಯನ್ನು ತಡೆಯಲಾರದು. ಈ ಲೇಪನದಲ್ಲಿ ಉಳಿತಾಯ ಮಾಡಿದವರ ಮನೆಯಲ್ಲಿ ಎರಡು ಮಳೆಗಾಲ ಕಳೆಯುವುದರೊಳಗೆ ಪಕ್ಕದ ಕೋಣೆಯ ಗೋಡೆ ಸುಣ್ಣ ಬಿಡತೊಡಗುತ್ತದೆ.

ಗೂಡಿನ ಬಾಗಿಲು ಗಟ್ಟಿಗೊಳಿಸಿದ ಗಾಜಿನದಾಗಿದ್ದು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಯಾರಾದರೂ ಕುಸಿದು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲಾರರು. ಅದಕ್ಕೆ ಅಗಳಿ, ಚಿಲಕಗಳು ಕೂಡದು. ತಳ್ಳಿದರೆ ತೆರೆಯುವಂತಿದ್ದರೆ ಸಾಕು. ನೆಲದ ಕಲ್ಲು ಜಾರದ ಒರಟು ಮೈಯದಾಗಿರಲಿ. ಕೂರಲು ಒಂದೂವರೆ ಅಡಿ ಎತ್ತರದ ಕಟ್ಟೆ, ಅದರ ಅಂಚು ದುಂಡಗೆ. ಕಟ್ಟೆಯಿಂದ ಬಾಗಿಲವರೆಗೆ ಗೋಡೆಗೆ ಭದ್ರವಾಗಿ ಬಿಗಿದ ಸ್ಟೀಲಿನ ಹಿಡಿಕೆ. ಜೇಂತಾಕದ ಜಗಲಿ ಬಾಗಿಲವರೆಗೂ ಹೋಗಬೇಕೆಂದ ಚರಕನ ಉದ್ದೇಶ ಇದೇ ಆಗಿತ್ತು. ಒಳಗಿನ ದೀಪ ನೀರು ಹೊಗದಂತೆ ಮುಚ್ಚಿದ, 12 ವೋಲ್ಟಿನದಾಗಿರಲಿ. ಸ್ವಿಚ್ಚು, ಸಾಕೆಟ್ಟುಗಳು ಗೂಡಿನೊಳಗೆ ಸರ್ವಥಾ ಕೂಡದು.

ಹಬೆ ಹೊರಬರುವ ಬಾಯಿ ನೆಲದಿಂದ ಆರರಿಂದ ಹನ್ನೆರಡು ಅಂಗುಲ ಎತ್ತರದಲ್ಲಿ, ಕೂರುವ ಕಟ್ಟೆಯಿಂದ ದೂರದ ಗೋಡೆಯಲ್ಲಿರಬೇಕು. ಕೋಣೆಯ ಗಾಳಿ 45 ಡಿಗ್ರಿಯಿದ್ದರೂ ಆ ಬಾಯಿಯ ಬಳಿ ಹಬೆ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕುದಿವ ನೀರಿಗಿಂತ ಹಬೆ ಹೆಚ್ಚು ಸುಡುತ್ತದೆಂಬುದನ್ನು ಅಡುಗೆಮನೆಯ ತಾಯಂದಿರು ಬಲ್ಲರು, ಅದಕ್ಕೆ ಕಾರಣವುಂಟು. ಒಂದು ಗ್ರಾಂ ಕುದಿನೀರು ಮೈಯ ಉಷ್ಣತೆಗೆ ಇಳಿಯುವಾಗ ಬಿಟ್ಟುಕೊಡುವ ಕಾವು 63 ಕ್ಯಾಲೊರಿ. ಒಂದು ಗ್ರಾಂ ಹಬೆಯಾದರೋ ಮೊದಲು ನೀರಾಗುವಾಗಲೇ 540 ಕ್ಯಾಲೊರಿಯನ್ನು ಸುರಿದು, ಅನಂತರ ಈ 63ನ್ನೂ ಕೊಡುತ್ತದೆ. ಯಂತ್ರದಿಂದ ಗೂಡಿನವರೆಗಿನ ಕೊಳವೆ ತಾಮ್ರದ್ದು ಇಲ್ಲವೆ ಹಿತ್ತಾಳೆಯದಾಗಿರಬೇಕು, ಪಿ.ವಿ.ಸಿ. ಕೊಳವೆ ಈ ಕಾವಿಗೆ ಮೆತ್ತಗಾಗುತ್ತದೆ. ಕೊಳವೆಯಲ್ಲಿ ನೀರು ನಿಲ್ಲುವ ತಗ್ಗು ಇರಬಾರದು, ನಡುವೆ ಎಲ್ಲಿಯೂ ಮುಚ್ಚುವ ತಿರುಪು ಇರಬಾರದು. ದಾರಿ ಕಟ್ಟಿದ ಹಬೆ ಯಂತ್ರವನ್ನೇ ಒಡೆದೀತು. ಯಂತ್ರಕ್ಕೆ ಹೆಚ್ಚಿನ ಒತ್ತಡವನ್ನು ಬಿಡುವ ಸುರಕ್ಷಾ ಕವಾಟವಿದೆಯೇ, ನೀರು ತೀರಿದೊಡನೆ ತಾನಾಗಿ ನಿಲ್ಲುತ್ತದೆಯೇ, ಗೊತ್ತುಮಾಡಿದ ಹೊತ್ತಿಗೆ ಆರುತ್ತದೆಯೇ ಎಂಬ ಮೂರನ್ನು ಕೊಳ್ಳುವ ಮುನ್ನ ನೋಡಬೇಕು.

ಯಂತ್ರದ ಆಯುಷ್ಯವನ್ನು ನಿರ್ಣಯಿಸುವುದು ನಮ್ಮೂರಿನ ನೀರು. ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕವು 2012ರ ಪರಿಷ್ಕರಣದಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರೇ ಇಲ್ಲದಲ್ಲಿ 600ರವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ಇಂಥ ನೀರನ್ನು ಕುದಿಸಿದರೆ ಹಬೆಯಾಗಿ ಹೋಗುವುದು ಶುದ್ಧ ನೀರು ಮಾತ್ರ. ಸುಣ್ಣವೆಲ್ಲ ಒಳಗೇ ಉಳಿದು ಕಾಯಿಸುವ ಸುರುಳಿಯ ಮೇಲೆ ಬಿಳಿಯ ಗರಣೆಯಾಗಿ ಕಟ್ಟುತ್ತದೆ. ನೀರನ್ನು ಮೊದಲು ಪರೀಕ್ಷೆ ಮಾಡಿಸಿ, ಗಡಸಾಗಿದ್ದರೆ ಶೇಖರಿಸಿದ ಮಳೆನೀರನ್ನು ಶುದ್ಧವಾಗಿ ಸೋಸಿ ಬಳಸಬಹುದೇ, ಮೃದುಗೊಳಿಸುವ ಉಪಕರಣ ಬೇಕೇ ಎಂದು ಯಂತ್ರ ಮಾರುವವರನ್ನು ಬರೆಹದಲ್ಲಿಯೇ ಕೇಳಿ ತಿಳಿಯಬೇಕು. ಪ್ರತಿ ಸ್ನಾನದ ಅನಂತರ ಒಳಗಿನ ನೀರು ತಾನಾಗಿ ಹರಿದುಹೋಗುವ ಏರ್ಪಾಡಿದ್ದರೆ ಒಳ್ಳೆಯದು.

ವಿದ್ಯುತ್ತಿನ ಲೆಕ್ಕವನ್ನು ವಯರ್‌ಮನ್ನನ ಬಾಯಿಮಾತಿಗೆ ಬಿಡಬಾರದು. 4.5 ಕಿಲೋವ್ಯಾಟ್ ಯಂತ್ರ 230 ವೋಲ್ಟಿನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ಗೀಸರಿಗೆ ಬಳಸುವ 16 ಆಂಪಿಯರಿನ ಸಾಕೆಟ್ಟು ಇದನ್ನು ತಾಳಲಾರದು. ಮುಖ್ಯ ಫಲಕದಿಂದ ಪ್ರತ್ಯೇಕವಾದ ದಪ್ಪ ತಂತಿ, ಪ್ರತ್ಯೇಕ ಎಂ.ಸಿ.ಬಿ., ಅದರ ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ., ಪರೀಕ್ಷಿಸಿದ ಭೂಸಂಪರ್ಕ ಇವು ನಾಲ್ಕೂ ಇರತಕ್ಕದ್ದು. ಮನುಷ್ಯನ ಮೈ ಮೂಲಕ ಸ್ವಲ್ಪ ವಿದ್ಯುತ್ತು ನೆಲಕ್ಕೆ ಹರಿದರೂ ಕ್ಷಣಾರ್ಧದಲ್ಲಿ ಪ್ರವಾಹವನ್ನು ಕಡಿಯುವುದು ಈ ಆರ್.ಸಿ.ಸಿ.ಬಿ.; ಎಂ.ಸಿ.ಬಿ. ಆ ಕೆಲಸವನ್ನು ಮಾಡುವುದಿಲ್ಲ. ಮನೆಗೆ ಮಂಜೂರಾದ ವಿದ್ಯುತ್ ಹೊರೆ 3 ಕಿಲೋವ್ಯಾಟ್ ಇದ್ದರೆ ಯಂತ್ರ ತರುವ ಮುನ್ನವೇ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಉಳಿದುದು ಮೊದಲನೆಯ ಪ್ರಶ್ನೆ: ಇದು ನಮಗೆ ತಕ್ಕದ್ದೇ? ಕೆಲವರು ಇದನ್ನು ನೀರಿನ ದುಂದೆಂದು ಹಳಿಯುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಅರ್ಧ ಗಂಟೆ ಓಡಿದರೆ ಈ ಯಂತ್ರ ಹಬೆಯಾಗಿಸುವುದು ಹೆಚ್ಚೆಂದರೆ ಮೂರು ಲೀಟರು ನೀರನ್ನು. ಅನಂತರ ತೊಳೆದುಕೊಳ್ಳಲು ಒಂದು ಬಕೆಟ್ಟು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ನೀರಿಗೆ ತತ್ವಾರವಾದಾಗ ಕಷ್ಟ ತಂದದ್ದು ಹಬೆಯಲ್ಲ. ಹತ್ತು ನಿಮಿಷ ಸುರಿಯಬಿಟ್ಟ ಷವರು ಅದಕ್ಕಿಂತ ಬಹುಪಾಲು ಹೆಚ್ಚು ನೀರನ್ನು ಕುಡಿಯುತ್ತದೆ. ವಿದ್ಯುತ್ತಾದರೂ ಅರ್ಧ ಗಂಟೆಗೆ 2.25 ಯೂನಿಟ್ಟು, ದಿನವೂ ಬಳಸಿದರೆ ತಿಂಗಳಿಗೆ 67 ಯೂನಿಟ್ಟಿನಷ್ಟು, ವಾರಕ್ಕೊಮ್ಮೆಯಾದರೆ ಹತ್ತರ ಆಸುಪಾಸು. ದುಂದಾಗುವುದು ಬೇರೆ ರೀತಿಯಿಂದ. ಎಂಟು ದಿನ ಉತ್ಸಾಹದಿಂದ ಬಳಸಿ ಒಂಬತ್ತನೆಯ ದಿನದಿಂದ ಆ ಗೂಡಿನಲ್ಲಿ ಪೊರಕೆ, ಬಕೆಟ್ಟುಗಳನ್ನು ಇಡುವ ಮನೆಗಳೂ ಇವೆ. ಯಾರು ಬಳಸುವವರು, ವಾರಕ್ಕೆ ಎಷ್ಟು ಸಲ ಬಳಸುವವರು ಎಂಬುದಕ್ಕೆ ಮನೆಯವರೆಲ್ಲ ಕೂಡಿ ಪ್ರಾಮಾಣಿಕವಾದ ಉತ್ತರವನ್ನು ಕಂಡುಕೊಳ್ಳಬೇಕು. ಮಗ ಮತ್ತು ಸೊಸೆ ವರ್ಷಕ್ಕೆ ಎರಡು ಸಲ ಬರುವವರು, ಊರಲ್ಲಿರುವ ಹಿರಿಯರಿಗೆ ವೈದ್ಯರ ಒಪ್ಪಿಗೆಯಿಲ್ಲ ಎಂದಾದರೆ ಆ ಹಣದಿಂದ ಜಾರದ ನೆಲ, ಗೋಡೆಯ ಹಿಡಿಕೆ, ಚಾವಣಿಯ ಮೇಲೆ ಸೂರ್ಯನ ಕಾವಿನಿಂದ ನೀರು ಕಾಯಿಸುವ ಉಪಕರಣ ಇವನ್ನು ಮಾಡಿಸುವುದು ನಮ್ಮ ದೃಷ್ಟಿಯಲ್ಲಿ ಹೆಚ್ಚಿನ ಪ್ರೀತಿ. ಮನೆಯಲ್ಲಿ ಗಟ್ಟಿಮುಟ್ಟಾದ ದುಡಿಯುವ ಮೈಗಳಿದ್ದು, ದಿನದ ದಣಿವಿಗೆ ಅದು ಬೇಕೆನಿಸಿದರೆ ಮಾಡಿಸಲಿ. ದುಡಿದ ಮೈಗೆ ಬೆಚ್ಚನೆಯ ಸುಖ ಕೊಡುವುದರಲ್ಲಿ ದೋಷವೇನೂ ಇಲ್ಲ.

ಇಂದೇ ನಿರ್ಧರಿಸಲಾಗದವರಿಗೆ ಒಂದು ಮಧ್ಯಮಾರ್ಗವುಂಟು. ಗೋಡೆ ಏರುವಾಗಲೇ ಗೂಡಿನ ಸ್ಥಳವನ್ನು ಗುರುತಿಸಿ, ಅಲ್ಲಿಗೆ ತಾಮ್ರದ ಒಂದು ಕೊಳವೆ, ಯಂತ್ರ ಕೂಡಿಸುವೆಡೆಗೆ ಒಂದು ನೀರಿನ ಸಂಪರ್ಕ ಮತ್ತು ಬಸಿಗಾಲುವೆ, ಮುಖ್ಯ ಫಲಕದಿಂದ ತಂತಿ ಎಳೆಯಲು ಖಾಲಿ ನಳಿಕೆ ಇಷ್ಟನ್ನು ಹುಗಿಸಿಡಬೇಕು. ಜಲನಿರೋಧಕ ಲೇಪನವನ್ನು ಮುಚ್ಚಿಗೆಯ ಮಟ್ಟದವರೆಗೆ ಮಾಡಿಸಬೇಕು. ಗೂಡನ್ನು ಈಗ ಸಾಧಾರಣ ಸ್ನಾನಕ್ಕೆ ಬಳಸುತ್ತಿರಬಹುದು. ಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು, ಕೊಳ್ಳದೆಯೂ ಇರಬಹುದು. ಕಿಟಕಿ, ಭೂಸಂಪರ್ಕದ ತಂತಿ, ಹೊರಗೋಡೆಯ ಗೀಸರಿನ ಸ್ಥಳ ಇವು ಮಾತ್ರ ಗಿಲಾವು ಆಗುವ ಮುನ್ನ ನಿಶ್ಚಯವಾಗಬೇಕು. ಗಿಲಾವು ಆದ ಮೇಲೆ ಗೋಡೆ ಒಡೆಯಿಸಲು ಯಾವ ಗೃಹಸ್ಥನಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಮನೆ ಕಟ್ಟಿಸುತ್ತಿರುವ ಬಂಧುಗಳು ಈ ವಾರವೇ ತಮ್ಮ ನಕ್ಷೆಯನ್ನು ಬಿಡಿಸಿ, ಬಚ್ಚಲುಮನೆಯ ಮೇಲೆ ಬೆರಳಿಟ್ಟು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಯೆಂದು ತಮ್ಮ ಇಂಜಿನಿಯರರನ್ನು ಕೇಳಬೇಕೆಂದು ವಿನಂತಿಸುತ್ತೇವೆ.